ಹಿಮದಡಿಯ ಇಪ್ಪತ್ತೊಂಬತ್ತನೆಯ ತಿರುವು

ಸೆಂದಾಯಿ
ಅಕ್ಟೋಬರ್ ೧೯

ಅಪ್ಪನವರಿಗೆ,

ಇಲ್ಲಿನ ಗಿಂಕೊ ಮರಗಳು ಹಳದಿಗೆ ತಿರುಗಿವೆ. ಬೆಳಗಿನ ಗಾಳಿಗೆ ಚಳಿಯ ಅಂಚು ಬಂದಿದೆ. ನಮ್ಮ ಕುರಾನುಮಾದಲ್ಲಿ ಇಷ್ಟು ಹೊತ್ತಿಗೆ ಬೆಟ್ಟದ ನೆತ್ತಿ ಬಿಳುಪೇರಿರಬೇಕು. ನೀವೂ ಅಮ್ಮನೂ ಕ್ಷೇಮವೆಂದು ನಂಬಿದ್ದೇನೆ.

ಫೋನ್ ಮಾಡಿದರೆ ನೀವು ಅದನ್ನು ಅಮ್ಮನ ಕೈಗೆ ಕೊಟ್ಟು ಸೌದೆ ಒಡೆಯಲು ಹೋಗುತ್ತೀರಿ. ಆದ್ದರಿಂದ ಬರೆಯುತ್ತಿದ್ದೇನೆ. ನಿಮ್ಮ ಹೆಸರು ಬರೆದ ಲಕೋಟೆಯನ್ನು ಅಮ್ಮ ಒಡೆಯುವುದಿಲ್ಲ.

ಕಳೆದ ಬುಧವಾರ ಮತ್ತು ಗುರುವಾರ ನಾನು ನಿಮ್ಮ ರಸ್ತೆಯಲ್ಲಿದ್ದೆ. ಕುರಾನುಮಾದ ಗೇಟಿನಿಂದ ಕಣಿವೆದಾರಿಯ ನೆತ್ತಿಗೆ ಹತ್ತಿ, ಆಚೆ ಬದಿಯ ಯುನೊಸಾವಾಗೆ ಇಳಿಯುವ ಇಪ್ಪತ್ಮೂರು ಕಿಲೋಮೀಟರನ್ನು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಅಳೆದೆವು. ಕಾರಿನ ಮೇಲೆ ಕೂತ ಲೇಸರ್ ಯಂತ್ರ ಸೆಕೆಂಡಿಗೆ ಹತ್ತು ಲಕ್ಷ ಬಾರಿ ಬೆಳಕನ್ನು ಎಸೆಯುತ್ತದೆ. ಎಸೆದದ್ದು ಯಾವುದಕ್ಕೆ ತಾಗಿ, ಎಷ್ಟು ಹೊತ್ತಿಗೆ ಮರಳಿತೆಂಬುದರಿಂದ ರಸ್ತೆಯೂ ಬಂಡೆಯೂ ಮರವೂ ಚುಕ್ಕಿಚುಕ್ಕಿಯಾಗಿ ತಮ್ಮ ನಿಜವಾದ ಜಾಗದಲ್ಲೇ ಮೂಡುತ್ತವೆ. ಕಾರು ಎಲ್ಲಿಯೂ ನಿಲ್ಲಬೇಕಿಲ್ಲ. ನಲವತ್ತೆಂಟು ನಿಮಿಷದಲ್ಲಿ ಒಂದು ಸುತ್ತು ಮುಗಿಯಿತು.

ರಸ್ತೆ ಬಾಚಿದ ತಲೆಯಂತಿತ್ತು. ತೊಮೆ ಅಜ್ಜಿಯ ಮುಂದಾಳತ್ವದಲ್ಲಿ ಯುನೊಸಾವಾದವರು ಅಂಚಿನ ಹುಲ್ಲನ್ನೆಲ್ಲ ಕತ್ತರಿಸಿ ಮುಗಿಸಿದ್ದರು. ಹಿಮದ ಭಾರಕ್ಕೆ ಬಾಗದಿರಲೆಂದು ನಿಮ್ಮ ತಂಡ ತಡೆಗಂಬಿಗಳನ್ನೂ ಕಳಚಿಟ್ಟಿತ್ತು. ಅಳೆಯುವವರಿಗೆ ಇದಕ್ಕಿಂತ ಒಳ್ಳೆಯ ಎರಡು ದಿನ ಸಿಗಲಾರದು.

ಡಿಪೋದ ಮುಂದೆ ನಿಮ್ಮನ್ನು ಕಂಡೆ. ನೀವು ಬುಲ್ಡೋಜರಿನ ಸರಪಳಿಗೆ ಎಣ್ಣೆ ಹಚ್ಚುತ್ತಿದ್ದಿರಿ. ತಲೆ ಎತ್ತಲಿಲ್ಲ.

ಸೆಪ್ಟೆಂಬರಿನ ಪುರಸಭೆಯಲ್ಲಿ ನಾನು ಆಡಿದ ಮಾತು ನಿಮಗೆ ನೋವು ತಂದಿದೆಯೆಂದು ಅಮ್ಮ ಹೇಳಿದರು. ಸದಸ್ಯರೊಬ್ಬರು, "ಮೂವತ್ತೆಂಟು ವರ್ಷದಿಂದ ನಿಮ್ಮಪ್ಪ ಹತಾಯಾಮಾ-ಸಾನ್ ಹಿಮದಡಿ ದಾರಿ ಹುಡುಕ್ತಿದಾರಲ್ಲ, ಮತ್ತೆ ಈ ಯಂತ್ರ ಯಾಕೆ?" ಎಂದು ಕೇಳಿದರು. "ನೆನಪು ಅಳತೆಯಲ್ಲ" ಎಂದೆ. ನೀವು ಹಿಂದಿನ ಸಾಲಿನಲ್ಲಿ ಇದ್ದೀರೆಂಬುದು ನನಗೆ ತಿಳಿದಿರಲಿಲ್ಲ. ತಿಳಿದಿದ್ದರೂ ಆ ವಾಕ್ಯವನ್ನು ಬದಲಿಸುತ್ತಿದ್ದೆನೆಂದು ಹೇಳಲಾರೆ. ಅದು ತಪ್ಪಲ್ಲ.

ಗಡುವು ನಿಮಗೂ ಗೊತ್ತು, ನನಗೂ ಗೊತ್ತು. ಕಳೆದ ವಸಂತದಲ್ಲಿ ಮಂಜು ಕವಿದು ಹನ್ನೊಂದು ದಿನ ಕೆಲಸ ನಿಂತಿತು. ಮೇ ಒಂಬತ್ತಕ್ಕೆ ರಸ್ತೆ ತೆರೆಯುವ ಹೊತ್ತಿಗೆ ಮೇ ಮೊದಲ ವಾರದ ದೊಡ್ಡ ರಜೆ ಕಳೆದು, ಯುನೊಸಾವಾದ ಬಿಸಿನೀರ ಬುಗ್ಗೆಗಳ ವಸತಿಮನೆಗಳು ಖಾಲಿ ಕೂತಿದ್ದವು. ಬರುವ ಏಪ್ರಿಲ್ ಇಪ್ಪತ್ತೇಳರೊಳಗೆ ತೆರೆಯದಿದ್ದರೆ ಮುಂದಿನ ವರ್ಷದಿಂದ ಪುರಸಭೆ ಹಿಮ ತೆಗೆಯುವ ಕೆಲಸವನ್ನೇ ನಿಲ್ಲಿಸುತ್ತದೆ. ಹಿಮ ತಾನಾಗಿ ಕರಗುವ ಜೂನ್ ಕೊನೆಯವರೆಗೆ ದಾರಿ ಮುಚ್ಚಿರುತ್ತದೆ. ಮೇ ತಿಂಗಳ ಅತಿಥಿಗಳಿಲ್ಲದೆ ಆ ಹತ್ತೊಂಬತ್ತು ಮನೆಗಳು ಎಷ್ಟು ವರ್ಷ ಉಳಿದಾವು?

ಆ ರಸ್ತೆಯನ್ನು ಉಳಿಸಲೆಂದೇ ನಾನು ಅದನ್ನು ಅಳೆದೆ. ಇದನ್ನಾದರೂ ನಂಬಿ.

ನಿಮ್ಮ ಮಗಳು,
ಚಿಗುಸಾ

*

ಕುರಾನುಮಾ
ನವೆಂಬರ್ ೬

ಚಿಗುಸಾ,

ಹವೆಯ ಸುದ್ದಿ ರೇಡಿಯೋದಲ್ಲಿ ಬರುತ್ತದೆ. ಅದನ್ನು ಬರೆದು ಕಾಗದ ಹಾಳು ಮಾಡಬೇಡ.

ನಿನ್ನೆ ಚಳಿಗಾಲಕ್ಕೆ ರಸ್ತೆಯ ಗೇಟು ಹಾಕಿದೆವು. ಅದಕ್ಕೆ ಮೊದಲು ನಾನೂರು ಬಿದಿರು ಕೋಲು ನೆಟ್ಟೆವು. ಒಂದೊಂದೂ ಐದು ಮೀಟರು, ತುದಿಗೆ ಕೆಂಪು ಬಟ್ಟೆ. ಏಪ್ರಿಲ್‌ನಲ್ಲಿ ಹತ್ತು ಕಂಡರೆ ಹೆಚ್ಚು. ಕಂಡವೂ ನೆಟ್ಟಗಿರುವುದಿಲ್ಲ. ಹಿಮ ಚಳಿಗಾಲವಿಡೀ ಇಳಿಜಾರಿನ ಕಡೆ ತೆವಳುತ್ತದೆ, ಕೋಲನ್ನೂ ಎಳೆಯುತ್ತದೆ. ಕೋಲನ್ನು ನಂಬಿ ಹೋದವನು ಕಣಿವೆಗೆ ಹೋಗುತ್ತಾನೆ. ಯಾವ ತಿರುವಿನಲ್ಲಿ ಎಷ್ಟು ಎಳೆಯುತ್ತದೆಂಬುದು ನೆನಪಿನಲ್ಲಿರುತ್ತದೆ. ಅಳತೆಯಲ್ಲಿ ಅಲ್ಲ.

ಜೊತೆಗೆ ಕೋಲು ನೆಟ್ಟ ಗೆಂಪಾಚಿ ಕೇಳುತ್ತಿದ್ದಾನೆ: "ನಿನ್ ಮಗಳು ಕಾರಿನ ತಲೆ ಮೇಲೆ ಅನ್ನದ ಕುಕ್ಕರ್ ಇಟ್ಕೊಂಡು ಓಡಾಡಿದ್ಲಲ್ಲ, ಅನ್ನ ಬೆಂತಂತಾ?"

ಕಾರು ನಮ್ಮ ಮನೆಯ ಮುಂದೆ ಹೋದಾಗ ನಿನ್ನಮ್ಮ ಬಾಗಿಲಲ್ಲಿ ನಿಂತಿದ್ದಳು. ಗೆಡ್ಡೆಯ ಸಾರು ಮಾಡಿದ್ದಳು. ಸಾರು ಮರುದಿನವೂ ಇತ್ತು.

ಹತಾಯಾಮಾ ತಾತ್ಸುಜೋ

*

ಸೆಂದಾಯಿ
ಡಿಸೆಂಬರ್ ೧೪

ಅಪ್ಪನವರಿಗೆ,

ಹವೆಯ ವಿಚಾರವನ್ನು ತಮ್ಮ ಅಪ್ಪಣೆಯಂತೆ ಬಿಟ್ಟಿದ್ದೇನೆ.

ಈ ಲಕೋಟೆಯ ಜೊತೆಗೆ ಉದ್ದನೆಯ ಕೊಳವೆಯೊಂದು ಬರುತ್ತದೆ. ಅದರಲ್ಲಿ ನಿಮ್ಮ ರಸ್ತೆಯಿದೆ. ನಲವತ್ತೊಂದು ತಿರುವುಗಳು, ಆರು ಸೇತುವೆಗಳು, ಬಂಡೆಗೆ ತಾಗಿಕೊಂಡ ಪ್ರತಿಯೊಂದು ಗೋಡೆ. ಹೋಗುವಾಗಿನ ಅಳತೆ ಮತ್ತು ಬರುವಾಗಿನ ಅಳತೆಗಳನ್ನು ಒಂದರ ಮೇಲೊಂದಿಟ್ಟು ನೋಡಿದೆವು; ವ್ಯತ್ಯಾಸ ಮೂರು ಸೆಂಟಿಮೀಟರಿಗಿಂತ ಕಡಿಮೆ. ನಮ್ಮ ಮುಖ್ಯಸ್ಥೆ ನಿಕೈದೊ-ಸಾನ್ ಹೊಗಳುವ ಸ್ವಭಾವದವರಲ್ಲ. ಅವರು ನಕ್ಷೆಯನ್ನು ನೋಡಿ ಕನ್ನಡಕ ತೆಗೆದು, "ಇಪ್ಪತ್ತೆಂಟು ಜನರ ತರಗತೀಲಿ ನೀನು ಮೊದಲು ಬಂದಿದ್ದು ಸುಮ್ನೆ ಅಲ್ಲ" ಎಂದರು. ಅದನ್ನು ಇಲ್ಲಿ ಬರೆಯುವುದು ವಿನಯವಲ್ಲವೆಂದು ಬಲ್ಲೆ. ಆದರೂ ನೀವು ತಿಳಿಯಬೇಕೆಂದು ಬರೆದಿದ್ದೇನೆ.

ಮಾರ್ಚ್‌ನಲ್ಲಿ ನಿಮ್ಮ ಬುಲ್ಡೋಜರಿನ ನೆತ್ತಿಗೆ ಉಪಗ್ರಹಗಳ ಸಂಕೇತ ಹಿಡಿಯುವ ಎರಡು ಗ್ರಾಹಕಗಳನ್ನೂ ನಿಮ್ಮ ಆಸನದ ಮುಂದೆ ಒಂದು ಪರದೆಯನ್ನೂ ಜೋಡಿಸುತ್ತಾರೆ. ಎಂಟು ಮೀಟರ್ ಹಿಮದ ಮೇಲೆ ನಿಂತಿದ್ದರೂ, ಅಡಿಯಲ್ಲಿರುವ ರಸ್ತೆಯ ಎರಡು ಅಂಚುಗಳು ಆ ಪರದೆಯ ಮೇಲೆ ಗೆರೆಗಳಾಗಿ ಕಾಣುತ್ತವೆ. ನೀವು ಆ ಗೆರೆಗಳ ನಡುವೆ ಹೋದರಾಯಿತು. ಮಂಜು ಕವಿದರೂ ನಿಲ್ಲಬೇಕಿಲ್ಲ.

ಅಮ್ಮ ಕಳುಹಿಸಿದ ಹೊಗೆ ಹಾಕಿದ ಮೂಲಂಗಿ ತಲುಪಿತು. ಅನ್ನ ಚೆನ್ನಾಗಿಯೇ ಬೆಂದಿದೆಯೆಂದು ಗೆಂಪಾಚಿ ಮಾವನಿಗೆ ತಿಳಿಸಿ.

ನಿಮ್ಮ ಮಗಳು,
ಚಿಗುಸಾ

*

ಕುರಾನುಮಾ
ಜನವರಿ ೮

ಚಿಗುಸಾ,

ನಕ್ಷೆಯನ್ನು ಡಿಪೋದ ಗೋಡೆಗೆ ಹೊಡೆದಿದ್ದೇವೆ. ಗೋಡೆ ಸಾಲದೆ ಮೂಲೆಯಲ್ಲಿ ಮಡಚಬೇಕಾಯಿತು. ಹಿಮ ಬಿದ್ದು ಹೊರಗೆ ಕೆಲಸವಿಲ್ಲದ ದಿನ ಎಲ್ಲರೂ ಅದರ ಮುಂದೆ ಚಹಾ ಕುಡಿಯುತ್ತಾರೆ. ನಾವು ತಿರುವುಗಳನ್ನು ಹೆಸರಿನಿಂದ ಕರೆಯುತ್ತೇವೆ, ನೀನು ಅಂಕಿ ಬರೆದಿದ್ದೀಯೆ. ಗೆಂಪಾಚಿ ಪೆನ್ಸಿಲಿನಲ್ಲಿ ಹೆಸರು ತುಂಬಿದ.

ನಿನ್ನ ಇಪ್ಪತ್ತೊಂಬತ್ತು ನಮ್ಮ ಬುತ್ತಿ ತಿರುವು. ಅಲ್ಲಿ ರಸ್ತೆಯ ಅಗಲ ಆರು ಮೀಟರ್ ಮೂವತ್ತು ಎಂದು ಬರೆದಿದ್ದೀಯೆ. ಅದು ಐದು ಹತ್ತು.

ಗೆಂಪಾಚಿ ಹೇಳಿದ: "ಹುಡುಗಿ ನಮಗೊಂದು ಮೀಟರು ರಸ್ತೆ ಬಿಟ್ಟಿ ಕೊಟ್ಟಿದಾಳೆ. ತಗೊಳ್ಳೋಣ ಬಿಡು."

ನಾನು ಹೇಳಿದೆ: "ತಗೊಂಡ್ರೆ ನೀನೇ ಮೊದ್ಲು ಅದ್ರ ಮೇಲೆ ಹೋಗು."

ತಪ್ಪಿರುವುದು ಕಣಿವೆಯ ಕಡೆಗೆ. ಬೆಟ್ಟದ ಕಡೆಗಾಗಿದ್ದರೆ ಬರೆಯುತ್ತಿರಲಿಲ್ಲ.

ತಾತ್ಸುಜೋ

*

ಸೆಂದಾಯಿ
ಜನವರಿ ೧೫

ಅಪ್ಪನವರಿಗೆ,

ನಿಮ್ಮ ಪತ್ರವನ್ನು ಗೌರವದಿಂದ ಮೂರು ಬಾರಿ ಓದಿದೆ.

ಇಪ್ಪತ್ತೊಂಬತ್ತನೆಯ ತಿರುವಿನಲ್ಲಿ ಯಂತ್ರ ಹೆಚ್ಚುಕಡಿಮೆ ಎಂಬತ್ತು ಲಕ್ಷ ಚುಕ್ಕಿಗಳನ್ನು ಹಿಡಿದಿದೆ. ಕಣಿವೆಯ ಬದಿಯ ಅಂಚು ಸಪಾಟಾಗಿದೆ, ರಸ್ತೆಯ ಮಟ್ಟಕ್ಕೇ ಇದೆ, ಎರಡೂ ಸುತ್ತಿನಲ್ಲಿ ಒಂದೇ ಕಡೆ ಬಂದಿದೆ. ಹಳೆಯ ದಾಖಲೆಯಲ್ಲಿ ಐದು ಮೀಟರ್ ಹತ್ತು ಎಂದಿರುವುದನ್ನು ನಾನೂ ಬಲ್ಲೆ. ಆ ದಾಖಲೆ ನಾನು ಹುಟ್ಟುವ ಮೊದಲು ಅಳತೆಪಟ್ಟಿ ಹಿಡಿದು ಬರೆದದ್ದು. ಆಮೇಲೆ ಎಂದೋ ಅಂಚನ್ನು ತುಂಬಿ ಅಗಲಿಸಿರಬೇಕು. ಹಿಮದ ಕಾಲದಲ್ಲಿ ಮಾತ್ರ ಆ ತಿರುವನ್ನು ಎಚ್ಚರದಿಂದ ನೋಡುವವರಿಗೆ ಅದು ಗಮನಕ್ಕೆ ಬಾರದಿರುವುದು ಸಹಜ.

ನನ್ನ ವಿದ್ಯೆಯಲ್ಲಿ ಪ್ರತಿ ಅಂಕಿಗೂ ಸಾಕ್ಷಿಯಿದೆ. ನಿಮ್ಮ ಅಂಕಿಗೆ ಏನು ಸಾಕ್ಷಿ? ದಯವಿಟ್ಟು ತಿಳಿಸಿ; ಇದ್ದರೆ ಖಂಡಿತ ತಿದ್ದುತ್ತೇನೆ.

ಚಿಗುಸಾ

*

(ಅಂಚೆ ಕಾರ್ಡು. ಕುರಾನುಮಾ, ಜನವರಿ ೨೧)

ಗೆಂಪಾಚಿ ಬುತ್ತಿ ಎಲ್ಲಿ ಇಟ್ಟಿದ್ದ, ಎಲ್ಲಿಗೆ ಹೋಯಿತು, ನೆನಪು ಮಾಡಿಕೊ.

ತಾತ್ಸುಜೋ

*

ಸೆಂದಾಯಿ
ಫೆಬ್ರವರಿ ೯

ಅಪ್ಪನವರಿಗೆ,

ಈ ಪತ್ರವನ್ನು ಹೇಗೆ ಆರಂಭಿಸಬೇಕೆಂದು ನನಗೆ ಯಾರೂ ಕಲಿಸಿಲ್ಲ. ತಪ್ಪಾಯಿತೆಂದು ಬರೆಯುವ ಪ್ರಸಂಗ ಇದುವರೆಗೆ ಬಂದಿರಲಿಲ್ಲ. ಆದ್ದರಿಂದ ನೇರವಾಗಿ ಬರೆಯುತ್ತೇನೆ. ನನ್ನ ನಕ್ಷೆ ತಪ್ಪು. ರಸ್ತೆಯ ಅಗಲ ಐದು ಮೀಟರ್ ಹತ್ತು.

ನಿಮ್ಮ ಕಾರ್ಡು ಕೈಗೆ ಬಂದಾಗ ನಾನು ಮೊದಲು ಸಿಟ್ಟುಗೊಂಡೆ. ಸಾಕ್ಷಿ ಕೇಳಿದರೆ ಅಪ್ಪ ಒಗಟು ಹಾಕುತ್ತಾರೆ ಎಂದುಕೊಂಡೆ. ಎರಡು ದಿನ ಅದನ್ನು ಮೇಜಿನ ಮೇಲೆ ಕವುಚಿ ಇಟ್ಟಿದ್ದೆ. ಮೂರನೆಯ ದಿನ ಮಧ್ಯಾಹ್ನ ಕಚೇರಿಯಲ್ಲಿ ನನ್ನ ಊಟದ ಡಬ್ಬಿಯನ್ನು ಬಿಚ್ಚುವಾಗ ಗೆಂಪಾಚಿ ಮಾವನ ಕಥೆ ಪೂರ್ತಿಯಾಗಿ ನೆನಪಾಯಿತು. ನಾನು ಏಳು ವರ್ಷದವಳಿದ್ದಾಗ ನಮ್ಮ ಮನೆಯ ಒಲೆಯ ಬಳಿ ಕೂತು ಅವರೇ ಹೇಳಿದ್ದು. ಅಕ್ಟೋಬರಿನಲ್ಲಿ ಆ ತಿರುವಿಗೆ ಹೋಗಿದ್ದರು. ಯುನೊಸಾವಾದವರು ಹುಲ್ಲು ಕತ್ತರಿಸಿ ಹೋಗಿದ್ದರು. ಅಂಚು ಸಪಾಟಾಗಿ, ಚಾಪೆ ಹಾಸಿದಂತೆ ಕಂಡಿತು. ಬುತ್ತಿಯನ್ನು ಅದರ ಮೇಲಿಟ್ಟು ಕೈ ತೊಳೆಯಲು ತಿರುಗಿದರು. ತಿರುಗಿ ನೋಡಿದರೆ ಚಾಪೆ ಇತ್ತು, ಬುತ್ತಿ ಇರಲಿಲ್ಲ. ಆಮೇಲೆ ಕೆಳಗೆಲ್ಲೋ ಹೊಳೆಯಲ್ಲಿ ಸದ್ದು ಕೇಳಿಸಿತು.

ತೊಮೆ ಅಜ್ಜಿಗೆ ಕತ್ತರಿಸಿದ ಹುಲ್ಲು ರಸ್ತೆಯ ಮೇಲೆ ಒಂದು ಎಳೆಯೂ ಬೀಳಬಾರದು. ಎಲ್ಲವನ್ನೂ ಕಣಿವೆಯ ಕಡೆಗೆ ಗುಡಿಸಿ, ಅಂಚಿನಲ್ಲಿ ಬೆಳೆದ ಗಿಡ್ಡ ಬಿದಿರಿನ ಪೊದೆಯ ಮೇಲೆ ಹರಡಿ, ಕುಂಟೆಯ ಬೆನ್ನಿನಿಂದ ತಟ್ಟಿ ತಟ್ಟಿ ರಸ್ತೆಯ ಮಟ್ಟಕ್ಕೆ ತರುತ್ತಾರೆ. ನೋಡಲು ಚೆಂದ. ಅಡಿಯಲ್ಲಿ ನೆಲವಿಲ್ಲ. ಅದರ ಮೇಲೆ ಹಳದಿ ಎಲೆ ಉದುರಿ, ಡಾಂಬರನ್ನೂ ಹುಲ್ಲನ್ನೂ ಒಂದೇ ಬಣ್ಣ ಮಾಡಿತ್ತು. ತಡೆಗಂಬಿ ಇದ್ದಿದ್ದರೆ ಅಂಚು ಎಲ್ಲಿದೆಯೆಂದು ಅದೇ ಹೇಳುತ್ತಿತ್ತು, ಅದನ್ನೂ ಕಳಚಿದ್ದಿರಿ. ಅಳೆಯಲು ಇದಕ್ಕಿಂತ ಒಳ್ಳೆಯ ದಿನವಿಲ್ಲವೆಂದು ನಾನು ನಿಮಗೆ ಬರೆದಿದ್ದೆ.

ಕೂಡಲೇ ಮೂಲ ಚುಕ್ಕಿಗಳನ್ನು ತೆರೆದೆ. ಇನ್ನು ಬರೆಯುವುದು ನನಗೆ ಎಲ್ಲಕ್ಕಿಂತ ಕಷ್ಟ. ಯಂತ್ರ ತಪ್ಪು ಮಾಡಿರಲಿಲ್ಲ. ಹುಲ್ಲಿನ ಸಂದುಗಳಲ್ಲಿ ತೂರಿಹೋದ ಕೆಲವು ಕಿರಣಗಳು ಎರಡು, ಮೂರು, ನಾಲ್ಕು ಮೀಟರ್ ಕೆಳಗಿನ ಇಳಿಜಾರಿಗೆ ತಾಗಿ ಮರಳಿದ್ದವು. ಆ ತಿರುವಿನಲ್ಲಿ ಅಂಥ ಚುಕ್ಕಿಗಳು ಇನ್ನೂರ ಹನ್ನೆರಡು. ಡಿಸೆಂಬರಿನಲ್ಲಿ ಅವುಗಳನ್ನು ಕಸವೆಂದು ಅಳಿಸಿದವಳು ನಾನು. ನಕ್ಷೆ ಶುಭ್ರವಾಗಿ ಕಾಣಬೇಕಿತ್ತು.

ನಿಕೈದೊ-ಸಾನ್ ಬಳಿ ಹೋಗಿ ಹೇಳಿದೆ. ಅವರು ಬಹಳ ಹೊತ್ತು ಪರದೆಯನ್ನೇ ನೋಡಿ, "ಇದರ ಮೇಲೆ ಯಾರು ಓಡಿಸ್ತಾರೆ?" ಎಂದರು. "ನಮ್ಮಪ್ಪ" ಎಂದೆ. ಅವರು ಎದ್ದು ಚಹಾ ತಂದುಕೊಟ್ಟರು.

ಎರಡು ವಾರ ಇಪ್ಪತ್ಮೂರು ಕಿಲೋಮೀಟರನ್ನು ಮತ್ತೆ ಮೊದಲಿನಿಂದ ನೋಡಿದ್ದೇನೆ, ಪ್ರತಿ ಮೀಟರನ್ನೂ. ಹೊಸ ನಕ್ಷೆ ಇದರ ಜೊತೆಗಿದೆ. ಅಂಚು ಖಚಿತವಾಗಿರುವ ಕಡೆ ಕಪ್ಪು ಗೆರೆ. ಹನ್ನೊಂದು ಕಡೆ ಕೆಂಪು ಗೆರೆಯಿದೆ. ಅಲ್ಲಿ ಹುಲ್ಲಿನ ಅಡಿ ಏನಿದೆಯೆಂದು ಹೇಳಲು ನನ್ನ ಬಳಿ ಸಾಕಷ್ಟು ಚುಕ್ಕಿಗಳಿಲ್ಲ. ಪ್ರತಿ ಕೆಂಪು ಗೆರೆಯ ಪಕ್ಕದಲ್ಲಿ "ಗೊತ್ತಿಲ್ಲ" ಎಂದು ನನ್ನ ಕೈಯಲ್ಲೇ ಬರೆದಿದ್ದೇನೆ. ಈ ಪದವನ್ನು ಇದಕ್ಕೆ ಮೊದಲು ಯಾವ ನಕ್ಷೆಯ ಮೇಲೂ ಬರೆದವಳಲ್ಲ.

ನೀವು ಹೇಳದೇ ಹೋಗಿದ್ದರೆ ಏನಾಗುತ್ತಿತ್ತೆಂಬುದನ್ನು ಬರೆಯುವುದಿಲ್ಲ. ಹಗಲಿನಲ್ಲಿ ಹತ್ತು ಬಾರಿ ಅದನ್ನೇ ನೋಡುತ್ತಿದ್ದೇನೆ.

ನಿಮ್ಮ ಮಗಳು,
ಚಿಗುಸಾ

*

ಕುರಾನುಮಾ
ಮಾರ್ಚ್ ೫

ಚಿಗುಸಾ,

ಹೊಸ ನಕ್ಷೆ ಬಂತು. ಹಳೆಯದನ್ನು ಕಿತ್ತು ಒಲೆಗೆ ಹಾಕಿದೆವು. ಚೆನ್ನಾಗಿ ಉರಿಯಿತು, ಒಳ್ಳೆಯ ಕಾಗದ.

ಹನ್ನೊಂದು ಕೆಂಪು ಗೆರೆಗಳ ಮುಂದೆ ಮೂರು ದಿನ ಕೂತೆವು. ಗೆಂಪಾಚಿ, ನಾನು, ಹಿಮ ಎಸೆಯುವ ಯಂತ್ರದವರು. ಎಂಟು ಕಡೆ ಎಲ್ಲರ ಮಾತೂ ಒಂದೇ ಬಂತು. ಎರಡು ಕಡೆ ಜಗಳವಾಯಿತು, ಆಮೇಲೆ ಸರಿಹೋಯಿತು. ಒಂದು ಕಡೆ, ನಿನ್ನ ಮೂವತ್ತಾರರ ಕೆಳಗೆ, ನನಗೂ ಗೊತ್ತಿಲ್ಲ. ಮೂವತ್ತೆಂಟು ವರ್ಷ ಅಲ್ಲಿ ಬೆಟ್ಟಕ್ಕೆ ಅಂಟಿಕೊಂಡೇ ಹೋಗಿದ್ದೇನೆ, ಯಾಕೆಂದು ಈಗ ತಿಳಿಯಿತು. ನೀನು ಬರೆದ ಪದದ ಪಕ್ಕ ನನ್ನ ಮೊಹರು ಒತ್ತಿದ್ದೇನೆ. ನಮ್ಮ ಅಂಕಿಗಳನ್ನೆಲ್ಲ ಹಿಂದಿನ ಹಾಳೆಯಲ್ಲಿ ಬರೆದಿದ್ದೇನೆ, ಯಂತ್ರಕ್ಕೆ ತಿನ್ನಿಸು.

ನಾನು ನಕ್ಷೆ ಬಹಳ ನೋಡಿದ್ದೇನೆ. ಸೇನೆಯದ್ದು, ಸರ್ಕಾರದ್ದು, ಅರಣ್ಯದವರದ್ದು. ಗೊತ್ತಿಲ್ಲ ಎಂದು ಬರೆದುಕೊಂಡ ನಕ್ಷೆ ಇದೇ ಮೊದಲು. ಅದಕ್ಕೇ ಕಪ್ಪು ಗೆರೆಯನ್ನು ನೋಡುವ ಮನಸ್ಸು ಬಂತು.

ನಂಬಿದ್ದೇನೆಂದು ಹೇಳಿಲ್ಲ. ನೋಡುತ್ತೇನೆ ಎಂದೆ.

ಉಪಗ್ರಹದ ಗ್ರಾಹಕ ಜೋಡಿಸುವವರು ಮೊನ್ನೆ ಬಂದಿದ್ದರು. ಪರದೆಯನ್ನು ನನ್ನ ಸಿಗರೇಟು ಡಬ್ಬಿ ಇಡುವ ಜಾಗದಲ್ಲೇ ಕೂರಿಸಿದರು. ನಿನ್ನಮ್ಮನಿಗೆ ಬಹಳ ಸಂತೋಷವಾಯಿತು.

ತಾತ್ಸುಜೋ

*

ಕಣಿವೆದಾರಿಯ ನೆತ್ತಿಯ ಗುಡಿಸಲು
ಏಪ್ರಿಲ್ ೨೪

ಚಿಗುಸಾ,

ಇದನ್ನು ಊಟ ತರುವ ಗಾಡಿಯಲ್ಲಿ ಕಳಿಸುತ್ತಿದ್ದೇನೆ. ಅಕ್ಷರ ಕೆಟ್ಟಿದೆ, ಮೊಣಕಾಲ ಮೇಲಿಟ್ಟು ಬರೆಯುತ್ತಿದ್ದೇನೆ.

ಹದಿನೆಂಟರಿಂದ ಇಪ್ಪತ್ತೊಂದರವರೆಗೆ ಬಿರುಗಾಳಿ. ಇಪ್ಪತ್ತೆರಡು, ಇಪ್ಪತ್ಮೂರು ಮಂಜು. ನೆತ್ತಿ ದಾಟಿ ಇಪ್ಪತ್ತೆಂಟನೆಯ ತಿರುವಿನಲ್ಲಿ ನಿಂತಿದ್ದೆವು. ಮುಂದೆ ಆರು ಕಿಲೋಮೀಟರ್ ಇತ್ತು. ಇಂದು ಬೆಳಿಗ್ಗೆ ಎದ್ದರೆ ಮತ್ತೆ ಮಂಜು. ಬುಲ್ಡೋಜರಿನ ಅಲಗೇ ನನಗೆ ಕಾಣಿಸುತ್ತಿರಲಿಲ್ಲ. ನೆಲ, ಆಕಾಶ, ಕಣಿವೆ ಎಲ್ಲ ಒಂದೇ ಬಿಳುಪು. ಇಂಥ ದಿನ ನಾನು ಎಂದೂ ಕೀಲಿ ತಿರುಗಿಸಿದವನಲ್ಲ.

ಗೆಂಪಾಚಿ ಬಂದು ಬಾಗಿಲು ತಟ್ಟಿದ. "ಏನ್ ತಾತ್ಸು, ಹೋಗೋದಾ?"

"ಏನೂ ಕಾಣ್ತಿಲ್ಲ."

"ಕಾಣದಿದ್ರೇನು? ಹುಡುಗಿ ಅಕ್ಟೋಬರ್‌ನಲ್ಲೇ ನೋಡಿಟ್ಟಿದಾಳಲ್ಲ."

"ಅವಳು ಹುಲ್ಲನ್ನೂ ನೋಡಿದ್ಲು."

"ಹೌದಪ್ಪಾ, ನೋಡಿದ್ಲು. ಆಮೇಲೆ ಬರೆದೂ ಕೊಟ್ಲು. ನೀನು ಯಾವತ್ತಾದ್ರೂ ಬರೆದುಕೊಟ್ಟಿದೀಯಾ, ತಪ್ಪಾಯ್ತು ಅಂತ? ನಿನ್ನ ಹೆಂಡತೀನ ಕೇಳಲಾ?"

ಕೀಲಿ ತಿರುಗಿಸಿದೆ.

ಪರದೆಯಲ್ಲಿ ಬುತ್ತಿ ತಿರುವು ಬಂದ ತಕ್ಷಣ ನಿಲ್ಲಿಸಿದೆ. ಹಗ್ಗ ಕಟ್ಟಿಕೊಂಡು ಇಳಿದು, ಉಕ್ಕಿನ ಸಲಾಕೆಯಿಂದ ಹಿಮ ಚುಚ್ಚಿದೆ. ಐದು ಮೀಟರ್ ಹತ್ತಕ್ಕೆ ಸ್ವಲ್ಪ ಈಚೆ ಚುಚ್ಚಿದರೆ, ಏಳೂವರೆ ಮೀಟರ್ ಆಳದಲ್ಲಿ ಡಾಂಬರು ಟಣ್ ಎಂದಿತು. ಒಂದು ಹೆಜ್ಜೆ ಆಚೆ ಚುಚ್ಚಿದೆ. ಹತ್ತು ಮೀಟರಿನ ಸಲಾಕೆ ಪೂರ್ತಿ ಹೋಯಿತು. ಏನೂ ತಾಗಲಿಲ್ಲ. ಅದನ್ನು ಮೇಲೆಳೆದು ಸ್ವಲ್ಪ ಹೊತ್ತು ಹಿಮದ ಮೇಲೆಯೇ ಕೂತಿದ್ದೆ.

ಅಲ್ಲಿಂದ ಮೂವತ್ತೈದರವರೆಗೆ ಬರೀ ಕಪ್ಪು ಗೆರೆ. ಮೂರು ಗಂಟೆ ಕಿಟಕಿಯನ್ನು ನೋಡಲೇ ಇಲ್ಲ. ನೋಡಿದರೆ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತಿತ್ತು. ಪರದೆಯ ಮೇಲೆ ಎರಡು ಗೆರೆ, ನಡುವೆ ನಾನು. ಗೆರೆ ಎಡಕ್ಕೆ ಬಾಗಿತು, ನಾನೂ ಬಾಗಿದೆ. ಹಾಗೆ ಬಾಗಿದ್ದು ಕುದುರೆಯ ಮೊಣಕಾಲು ಎಂದು ನಾವು ಕರೆಯುವ ತಿರುವು. ಬೆನ್ನಿಗೆ ಅದು ಗೊತ್ತಾಯಿತು, ಕಣ್ಣಿಗಲ್ಲ. ನೀನು ಅಳೆದದ್ದೂ ನನ್ನ ಬೆನ್ನು ಹೇಳಿದ್ದೂ ಒಂದೇ. ನಾನು ಒಬ್ಬನೇ ಇದ್ದೆ, ಆದ್ದರಿಂದ ಗಟ್ಟಿಯಾಗಿಯೇ ನಕ್ಕೆ.

ಹಿಂದೆ ಹಿಮ ಎಸೆಯುವ ಯಂತ್ರ ಡಾಂಬರಿನವರೆಗೆ ಬಗೆದುಕೊಂಡು ಬಂತು. ರಸ್ತೆಯಂಚಿನ ಬಿಳಿ ಪಟ್ಟೆ ಕಂಡ ಕಡೆ ಗೆಂಪಾಚಿ ಟೇಪು ಹಿಡಿದು, ನಾನು ಕತ್ತರಿಸಿದ ಹಿಮದ ಗೋಡೆಗೂ ಪಟ್ಟೆಗೂ ಎಷ್ಟು ತಪ್ಪಿದೆಯೆಂದು ಅಳೆದ. ಬಂದು ನನ್ನ ಬಾಗಿಲ ಬಳಿ ನಿಂತ. ಮೂಗು ಒರೆಸಿದ. ಚಹಾ ಕೇಳಿದ. ಕೊಟ್ಟೆ. ಕುಡಿದ.

"ಹೇಳೋ ಮುದುಕಾ!"

"ಒಂಬತ್ತು ಸೆಂಟಿಮೀಟರ್," ಎಂದ. "ಅದ್ರಲ್ಲಿ ಎಂಟು ನಿಂದು, ಒಂದು ಹುಡುಗೀದು."

ಇನ್ನು ಎರಡೂವರೆ ಕಿಲೋಮೀಟರ್ ಇದೆ. ಇಪ್ಪತ್ತೇಳಕ್ಕೆ ಯುನೊಸಾವಾದ ಕಡೆ ಬಂದು ನಿಲ್ಲಬೇಕೆನಿಸಿದರೆ ನಿಲ್ಲು. ಎಲ್ಲಿ ಹೊರಬರುತ್ತೇನೆಂದು ನಿನಗೇ ಗೊತ್ತು.

ಅಪ್ಪ

*

ಸೆಂದಾಯಿ
ಏಪ್ರಿಲ್ ೨೯

ಅಪ್ಪನವರಿಗೆ,

ಆ ದಿನ ನೀವು ಯಂತ್ರದೊಳಗಿದ್ದಿರಿ. ಆಮೇಲೆ ಜನರು ನಿಮ್ಮನ್ನು ಮುತ್ತಿಕೊಂಡರು. ನನಗೆ ನಿಮ್ಮ ಟೊಪ್ಪಿಗೆ ಮಾತ್ರ ಕಾಣಿಸುತ್ತಿತ್ತು. ಹೊರಗಿನಿಂದ ಅದು ಹೇಗಿತ್ತೆಂದು ನಿಮಗೆ ಯಾರೂ ಹೇಳಿರಲಾರರು. ಅದನ್ನು ಕ್ರಮವಾಗಿ ದಾಖಲಿಸುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ನಿಮ್ಮ ಕಾಗದ ಇಪ್ಪತ್ತಾರರ ಸಂಜೆ ತಲುಪಿತು. ಮರುದಿನದ ಮೊದಲ ರೈಲು ಹಿಡಿದು, ದೊಡ್ಡ ಸುತ್ತಿನ ದಾರಿಯಲ್ಲಿ ಯುನೊಸಾವಾ ಸೇರಿದಾಗ ಹತ್ತು ಗಂಟೆ. ಮಂಜು ಪೂರ್ತಿ ಹರಿದಿತ್ತು. ಹತ್ತೊಂಬತ್ತು ಮನೆಯವರೂ ರಸ್ತೆಯ ತುದಿಯಲ್ಲಿದ್ದರು. ವಸತಿಗೃಹದ ಒಡತಿಯರು ದೊಡ್ಡ ಪಾತ್ರೆಯಲ್ಲಿ ಮಿಸೊ ಸಾರು ಕುದಿಸುತ್ತಿದ್ದರು. ಪುರಸಭೆಯ ಮೂವರು ಕೈಗಡಿಯಾರ ನೋಡುತ್ತ ನಿಂತಿದ್ದರು. ಅಮ್ಮ ಹಿಂದಿನ ದಿನವೇ ಬಂದು ತೊಮೆ ಅಜ್ಜಿಯ ಮನೆಯಲ್ಲಿದ್ದರು. ಅವರೆಲ್ಲರ ಮುಂದೆ ಹಿಮದ ಗೋಡೆ, ಐದು ಮೀಟರ್ ಎತ್ತರ, ಒಂದು ಗೀರೂ ಇಲ್ಲ.

ನಾನು ಏಣಿ ಹತ್ತಿ, ಗೋಡೆಯ ನೆತ್ತಿಯಲ್ಲಿ, ರಸ್ತೆಯ ನಡುಗೆರೆ ಬರಬೇಕಾದ ಜಾಗವನ್ನು ಅಳೆದು ಒಂದು ಕೋಲು ನೆಟ್ಟೆ. ಸೆಪ್ಟೆಂಬರಿನಲ್ಲಿ ನನ್ನನ್ನು ಪ್ರಶ್ನಿಸಿದ್ದ ಸದಸ್ಯರು ಕೆಳಗಿನಿಂದ ಕೂಗಿದರು: "ಏನಮ್ಮಾ, ಸರಿಯಾಗಿ ಅಲ್ಲೇ ಬರುತ್ತೆ ಅಂತೀಯಾ?"

ಅಜ್ಜಿ ಮಡಚುವ ಕುರ್ಚಿಯಿಂದಲೇ ಉತ್ತರಿಸಿದರು: "ಇವಳಪ್ಪ ಆ ಬೆಟ್ಟ ದಾಟ್ಕೊಂಡು ಬಂದು ನನ್ನ ಮಗಳನ್ನ ಹೊಡ್ಕೊಂಡು ಹೋದವ್ನು ಕಣಯ್ಯಾ. ಆಗಲೂ ದಾರಿ ತಪ್ಪಲಿಲ್ಲ, ಈಗ ತಪ್ತಾನಾ?"

"ಅಮ್ಮಾ, ಜನ ಇದಾರೆ" ಎಂದರು ಅಮ್ಮ.

"ಇರ್ಲಿ ಬಿಡೆ. ಅವ್ರೂ ಕೇಳ್ಲಿ."

ಕೆಳಗಿಳಿದು ಅಜ್ಜಿಯ ಪಕ್ಕ ಕೂತು, ಹುಲ್ಲಿನ ವಿಚಾರವನ್ನು ಆದಷ್ಟು ಮೃದುವಾಗಿ ಹೇಳಿದೆ. ಮುಂದಿನ ಸಲ ಬೆಟ್ಟದ ಬದಿಗೆ ರಾಶಿ ಹಾಕಬಹುದೇ ಎಂದೆ. "ಬೆಟ್ಟದ ಕಡೆ ಚರಂಡಿ ಇದೆ ಕಣೆ! ತರಗತಿಗೆ ಮೊದಲು ಬಂದವಳಿಗೆ ಅಷ್ಟೂ ಗೊತ್ತಾಗಲ್ವಾ?" ಎಂದರು. ಕೊನೆಗೆ, "ಲಾರೀಲಿ ಹೊತ್ತು ಊರಿಗೇ ತರ್ತೀವಿ ಬಿಡು. ಒಂದ್ ಎಳೆ ಬಿಡಲ್ಲ" ಎಂದರು. ಅವರ ಕೈ ನನ್ನ ಕೈಯ ಮೇಲಿತ್ತು, ತೆಗೆಯಲಿಲ್ಲ.

ಹತ್ತೂ ಐವತ್ತಕ್ಕೆ ಮೊದಲ ಸದ್ದು. ಕಿವಿಗಿಂತ ಮೊದಲು ಪಾದಕ್ಕೆ ತಿಳಿಯಿತು. ಆ ಸದಸ್ಯರು ನನ್ನ ಹತ್ತಿರ ಬಂದು ಮೆಚ್ಚುಗೆಯಿಂದ, "ಕೊನೆಗೂ ಯಂತ್ರಾನೇ ಗೆದ್ದಿತು, ಅಲ್ವಾ? ನೀನು ಅವತ್ತೇ ಹೇಳಿದ್ದೆ" ಎಂದರು.

ನನ್ನ ಸುತ್ತ ಐವತ್ತು ಜನರಿದ್ದರು. ಸೆಪ್ಟೆಂಬರಿನ ಸಭೆಯಲ್ಲೂ ಅಷ್ಟೇ ಜನರಿದ್ದರು. ಅದೇ ದನಿಯಲ್ಲಿ, ಹಿಂದಿನ ಸಾಲಿಗೂ ಕೇಳುವಂತೆ ಹೇಳಿದೆ: "ಇಲ್ಲ. ಯಂತ್ರ ಸರಿಯಾಗೇ ನೋಡಿತ್ತು, ಅದು ನೋಡಿದ್ದನ್ನ ಕಸ ಅಂತ ಬಿಸಾಕಿದ್ದು ನಾನು. ಅಲ್ಲಿ ರಸ್ತೆ ಇಲ್ಲ ಅಂತ ಹೇಳಿದ್ದು ನಮ್ಮಪ್ಪ. ಅವರು ಹೇಳದೇ ಇದ್ದಿದ್ರೆ ಇವತ್ತು ನಾವ್ಯಾರೂ ಇಲ್ಲಿ ಸಾರು ಕುಡೀತಾ ಇರ್ತಿರಲಿಲ್ಲ. ಇದನ್ನ ಹಾಗೇ ಬರ್ಕೊಳ್ಳಿ."

ಅವರು ನಿಜವಾಗಿಯೂ ಪುಸ್ತಕ ತೆಗೆದು ಬರೆದುಕೊಂಡರು. ಅಮ್ಮ ಸಾರಿನ ಬಟ್ಟಲಿನೊಳಗೆ ನೋಡುತ್ತಿದ್ದರು. ನೀವು ಇದನ್ನು ಕೇಳಿಸಿಕೊಳ್ಳಲು ಸ್ಥಳದಲ್ಲಿರಲಿಲ್ಲ, ಅದಕ್ಕಾಗಿಯೇ ಬರೆದಿದ್ದೇನೆ.

ಹನ್ನೊಂದೂ ಹದಿನೆಂಟಕ್ಕೆ ಕೋಲು ನಡುಗಿತು. ಅದರ ಬುಡದಲ್ಲಿ ಹಿಮ ಒಂದು ಬಿರುಕು ಬಿಟ್ಟಿತು, ಬಿರುಕು ಕೆಳಗಿಳಿಯಿತು. ಗೋಡೆಯ ನಡುಭಾಗ ಉಬ್ಬಿತು, ಒಂದು ಉಸಿರಿನಷ್ಟು ಹೊತ್ತು ಹಾಗೆಯೇ ನಿಂತಿತು, ಮರುಗಳಿಗೆ ಒಡೆಯಿತು. ಪುಡಿಹಿಮದ ನಡುವಿನಿಂದ ನಿಮ್ಮ ಹಳದಿ ಅಲಗು ಹೊರಬಂತು. ಕೋಲು ಅಲಗಿನ ನಟ್ಟನಡುವೆ ಬಿದ್ದು ಎರಡಾಯಿತು. ಬಿಸಿಲು ಸೀಳಿನೊಳಗೆ ನುಗ್ಗಿ, ಹಿಮದ ಎರಡು ಗೋಡೆಗಳು ನೀಲಿಯಾಗಿ ಹೊಳೆದವು. ಅವುಗಳ ನಡುವೆ ಒದ್ದೆಯಾದ ಕಪ್ಪು ರಸ್ತೆ ಬೆಟ್ಟದ ಮೇಲಕ್ಕೆ ಹೋಗುತ್ತಿತ್ತು.

ಯಾರು ಮೊದಲು ಕೂಗಿದರೋ ತಿಳಿಯದು. ಪುರಸಭೆಯವರೂ ಕೂಗಿದರು. ಅಜ್ಜಿ ಕುರ್ಚಿಯ ಮೇಲೆ ಹತ್ತಿ ನಿಂತಿದ್ದರು, ಎಂಬತ್ಮೂರನೆಯ ವಯಸ್ಸಿನಲ್ಲಿ. ನಾನು ಏನು ಮಾಡಿದೆನೆಂಬುದು ನಿಮಗೆ ಗೊತ್ತು. ಇಪ್ಪತ್ಮೂರು ಕಿಲೋಮೀಟರಿನ ಪ್ರತಿ ಅಂಚನ್ನೂ ಬಾಯಿಪಾಠ ಬಲ್ಲವಳು, ಜನರನ್ನು ತಡೆಯಲು ಕಟ್ಟಿದ ಪಟ್ಟಿ ದಾಟಿ, ಹಿಮದಲ್ಲಿ ಎಡವುತ್ತ ಓಡಿಬಂದು, ನಿಮ್ಮ ಅಲಗಿನ ಮುಂದೆ ನೇರವಾಗಿ ನಿಂತು ಎರಡೂ ಕೈ ಎತ್ತಿದೆ.

ನೀವು ಬಾಗಿಲು ತೆರೆದು ಹೊರಗೆ ಬಾಗಿದಿರಿ. ಏಳು ತಿಂಗಳಲ್ಲಿ ಮೊದಲ ಬಾರಿಗೆ ನಿಮ್ಮ ದನಿ ನನ್ನ ಕಡೆಗೆ ಬಂತು:

"ಏಯ್ ಹುಡುಗೀ! ಅಲ್ಲಿ ನಿಂತ್ಕೋಬೇಡ! ಅದು ರಸ್ತೆ!"

ಯುನೊಸಾವಾ ಪೂರ್ತಿ ನಕ್ಕಿತು. ನಾನು ಬಲಕ್ಕೆ ಮೂರು ಹೆಜ್ಜೆ ಸರಿದೆ, ನೀವು ಬಂದಿರಿ.

ನಿಮ್ಮ ಮಗಳು,
ಚಿಗುಸಾ